ಸೋಲಾರ್ ಪ್ಯಾನೆಲ್ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

"ಪ್ಯಾನೆಲ್ ಮೇಲೆ 400 ವ್ಯಾಟ್ ಅಂತ ಬರೆದಿದೆ. ಮಟಮಟ ಮಧ್ಯಾಹ್ನ ನೋಡಿದ್ರೂ 310 ದಾಟ್ತಿಲ್ಲ. ನನಗೆ ಟೋಪಿ ಹಾಕಿದ್ರಾ?"

ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಟೋಪಿ ಹಾಕಿರಲಿಕ್ಕಿಲ್ಲ. 310 ಬರುತ್ತಿದ್ದರೆ ಪ್ಯಾನೆಲ್ ಚೆನ್ನಾಗಿಯೇ ಇದೆ. ಯಾಕೆ ಅಂತ ಕೆಳಗೆ ಲೆಕ್ಕ ಹಾಕಿ ತೋರಿಸಿದ್ದೇನೆ.

ಪ್ರತಿ ಉತ್ತರಕ್ಕೂ ಹೊಸ ಅಂಕಿ ತಂದರೆ ತಲೆ ಕೆಡುತ್ತದೆ. ಹಾಗಾಗಿ ಕೊನೆಯವರೆಗೂ ಒಂದೇ ಪ್ಯಾನೆಲ್ ಇಟ್ಟುಕೊಳ್ಳೋಣ. ಲೇಬಲ್ ಮತ್ತು ಡೇಟಾಶೀಟ್ ಎರಡರಿಂದಲೂ ಬರೆದುಕೊಂಡ ಅಂಕಿಗಳು ಇವು:

ಗರಿಷ್ಠ ಪವರ್: 400 ವ್ಯಾಟ್
ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದೆ ಅಳೆದದ್ದು): 37.2 ವೋಲ್ಟ್
ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡು ವೈರ್ ನೇರ ಸೇರಿಸಿ ಅಳೆದದ್ದು): 13.7 ಆಂಪಿಯರ್
ಗರಿಷ್ಠ ಪವರ್ ಕೊಡುವಾಗಿನ ವೋಲ್ಟೇಜ್ ಮತ್ತು ಕರೆಂಟ್: 31 ವೋಲ್ಟ್, 12.9 ಆಂಪಿಯರ್
ಅಳತೆ: 1.722 × 1.134 ಮೀಟರ್, ಒಳಗೆ 54 ಸೆಲ್‌ಗಳ (ಬೆಳಕನ್ನು ಕರೆಂಟ್ ಮಾಡುವ ಸಿಲಿಕಾನ್ ಬಿಲ್ಲೆಗಳು) ಸಾಲು
ಬಿಸಿ ಏರಿದಂತೆ ಪವರ್ ಇಳಿಕೆ: ಡಿಗ್ರಿಗೆ 0.35%
ಓಪನ್ ಸರ್ಕ್ಯೂಟ್ ವೋಲ್ಟೇಜ್ ಇಳಿಕೆ: ಡಿಗ್ರಿಗೆ 0.28%
ಎನ್‌ಒಸಿಟಿ (ಬಿಸಿಲಲ್ಲಿ ಸೆಲ್ ಎಷ್ಟು ಕಾಯುತ್ತದೆ ಅನ್ನೋ ಅಳತೆ, ವಿವರ ಮುಂದಿದೆ): 45 ಡಿಗ್ರಿ

ನಿಮ್ಮ ಪ್ಯಾನೆಲ್ ಬೇರೆ ಇರುತ್ತದೆ. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ, ದಾರಿ ಅದೇ.

ಈ 400 ವ್ಯಾಟ್ ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ಕಾರ್ಖಾನೆಯ ಒಂದು ಕತ್ತಲೆ ಪೆಟ್ಟಿಗೆಯಿಂದ. ಪ್ಯಾನೆಲ್ ಅನ್ನು ಒಳಗಿಟ್ಟು ಒಂದು ಫ್ಲ್ಯಾಶ್ ಹೊಡೆಯುತ್ತಾರೆ. ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಕರೆಂಟ್, ವೋಲ್ಟೇಜ್ ಎಲ್ಲ ಅಳೆದು ಮುಗಿದಿರುತ್ತದೆ. ಬೆಳಕು ಚದರ ಮೀಟರಿಗೆ 1000 ವ್ಯಾಟ್, ಸೆಲ್‌ನ ಬಿಸಿ 25 ಡಿಗ್ರಿ. ಬೆಳಕಿನ ಬಣ್ಣಗಳ ಹಂಚಿಕೆಯೂ ಇಂತಿಷ್ಟೇ ಇರಬೇಕು ಅಂತ ನಿಯಮವಿದೆ, ಅದಕ್ಕೆ ಎಎಂ 1.5 ಅನ್ನುತ್ತಾರೆ. ಈ ಮೂರೂ ಸೇರಿದರೆ ಎಸ್‌ಟಿಸಿ. ಲೋಕದ ಎಲ್ಲ ಪ್ಯಾನೆಲ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಕ್ಕೆ ಇದು ಒಳ್ಳೆಯ ಪದ್ಧತಿ.

ತೊಂದರೆ ಏನಂದ್ರೆ, ಸುಡು ಬಿಸಿಲೂ 25 ಡಿಗ್ರಿ ಸೆಲ್ಲೂ ಹೊರಗಡೆ ಒಟ್ಟಿಗೆ ಸಿಗೋದು ತೀರಾ ಅಪರೂಪ. ಫ್ಲ್ಯಾಶ್‌ನಲ್ಲಿ ಪ್ಯಾನೆಲ್‌ಗೆ ಕಾಯಲು ಸಮಯವೇ ಸಿಕ್ಕಿರುವುದಿಲ್ಲ. ತಾರಸಿಯ ಮೇಲೆ ಅದು ಬೆಳಗ್ಗೆಯಿಂದ ಕಾದಿರುತ್ತದೆ.

ಹಾಗಾದರೆ ತಾರಸಿಯ ಮೇಲೆ ನಿಜವಾಗಿ ಎಷ್ಟು ಬರಬೇಕು?

ಮೊದಲು ಸೆಲ್ ಎಷ್ಟು ಬಿಸಿಯಾಗಿದೆ ಅಂತ ಅಂದಾಜು ಮಾಡಬೇಕು. ಎನ್‌ಒಸಿಟಿ ಇರೋದು ಇದಕ್ಕೇ. 800 ವ್ಯಾಟ್ ಬಿಸಿಲು, 20 ಡಿಗ್ರಿ ಗಾಳಿ, ಸೆಕೆಂಡಿಗೆ 1 ಮೀಟರ್ ವೇಗದ ತಂಗಾಳಿ ಇದ್ದಾಗ ಸೆಲ್ ಎಷ್ಟು ಕಾಯುತ್ತದೆ ಅನ್ನೋದು ಆ ಸಂಖ್ಯೆ. ಸೂತ್ರ ಹೀಗಿದೆ:

ಸೆಲ್ ಬಿಸಿ = ಗಾಳಿಯ ಬಿಸಿ + (ಎನ್‌ಒಸಿಟಿ − 20) ÷ 800 × ಬಿಸಿಲು

ಗಾಳಿ 35 ಡಿಗ್ರಿ, ಬಿಸಿಲು 900 ಅಂದುಕೊಳ್ಳಿ. 35 + (25 ÷ 800 × 900) = 63 ಡಿಗ್ರಿ. ಅಂದರೆ 25ಕ್ಕಿಂತ 38 ಡಿಗ್ರಿ ಮೇಲೆ. ಡಿಗ್ರಿಗೆ 0.35% ಹೋದರೆ ಒಟ್ಟು 13.3% ಖೋತಾ.

400 × 0.9 × 0.867 = 312 ವ್ಯಾಟ್.

ಮೇಲಿನ 310ರ ದೂರು ಇಲ್ಲಿಗೆ ಬಗೆಹರಿಯಿತು. ಅದೂ ಧೂಳು, ವೈರ್ ಲೆಕ್ಕಕ್ಕೆ ಹಿಡಿಯುವ ಮೊದಲೇ. ಪ್ಯಾನೆಲ್ ಅನ್ನು ಶೀಟಿಗೆ ಅಂಟಿಸಿದ ಹಾಗೆ ಕೂರಿಸಿದ್ದರೆ, ಕೆಳಗೆ ಗಾಳಿ ಆಡದೆ ಇನ್ನೂ ಜಾಸ್ತಿ ಕಾಯುತ್ತದೆ. ಒಂದು ಗೇಣು ಎತ್ತರದಲ್ಲಿ ಕೂರಿಸಿದರೆ ಸಾಕು, ವ್ಯತ್ಯಾಸ ಮೀಟರಿನಲ್ಲೇ ಕಾಣುತ್ತದೆ.

ದಕ್ಷತೆ 20% ಅಂತಾರೆ. ಉಳಿದ 80% ಎಲ್ಲಿ ಹೋಗುತ್ತೆ?

ಮೊದಲು ದಕ್ಷತೆಯ ಲೆಕ್ಕ. ಪ್ಯಾನೆಲ್ ವಿಸ್ತೀರ್ಣ 1.722 × 1.134 = 1.953 ಚದರ ಮೀಟರ್. ಅದರ ಮೇಲೆ ಬೀಳುವ ಬೆಳಕು 1953 ವ್ಯಾಟ್. ಹೊರಗೆ ಬರೋದು 400. ಭಾಗಿಸಿದರೆ 20.5%.

ಉಳಿದದ್ದು ಕಳಪೆ ಕೆಲಸದಿಂದ ಹೋದದ್ದಲ್ಲ, ಹೆಚ್ಚಿನದು ಸಿಲಿಕಾನ್‌ನ ಗುಣ. ಸುಮಾರು 1100 ನ್ಯಾನೋಮೀಟರ್‌ಗಿಂತ ಉದ್ದದ ತರಂಗದ ಬೆಳಕು ಸಿಲಿಕಾನ್‌ಗೆ ತಾಗುವುದೇ ಇಲ್ಲ, ಹಾದು ಹೋಗುತ್ತದೆ. ನೀಲಿ ಬೆಳಕಿನದು ಉಲ್ಟಾ ಕಥೆ. ಅದರ ಒಂದೊಂದು ಕಣದಲ್ಲೂ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. ಆದರೆ ಒಂದು ಕಣ ಎಬ್ಬಿಸೋದು ಒಂದೇ ಎಲೆಕ್ಟ್ರಾನ್ ಅನ್ನು, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಒಂದೇ ಜಂಕ್ಷನ್ (ಎರಡು ಬಗೆಯ ಪದರ ಕೂಡುವ ಜಾಗ) ಇರುವ ಸೆಲ್ ಯಾವ ವಸ್ತುವಿನದಾದರೂ ಸರಿ, ಸಾಮಾನ್ಯ ಬಿಸಿಲಲ್ಲಿ 33% ಆಸುಪಾಸು ದಾಟೋದಿಲ್ಲ. ಈ ಲೆಕ್ಕದ ದಾರಿಯನ್ನು ವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲೇ ಹಾಕಿಕೊಟ್ಟಿದ್ದಾರೆ. ಸಿಲಿಕಾನ್‌ಗೆ ಆ ಗೆರೆ 29% ಚಿಲ್ಲರೆ. 1954ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಮಾಡಿದ ಸಿಲಿಕಾನ್ ಸೆಲ್‌ನ ದಕ್ಷತೆ ಸುಮಾರು 6% ಇತ್ತು. ಆ ಲೆಕ್ಕದಲ್ಲಿ 20.5% ಕಡಿಮೆ ಏನಲ್ಲ.

ಇನ್ನೊಂದು ಮಾತು. ಜಾಗ ಧಾರಾಳವಾಗಿದ್ದರೆ ದಕ್ಷತೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 18% ದಕ್ಷತೆಯ 400 ವ್ಯಾಟೂ, 22% ದಕ್ಷತೆಯ 400 ವ್ಯಾಟೂ ಒಂದೇ 400 ವ್ಯಾಟ್. ಹಿಡಿಯುವ ಜಾಗ ಮಾತ್ರ ಬೇರೆ.

ಬಿಸಿಲು ಅರ್ಧಕ್ಕೆ ಇಳಿದರೆ ವೋಲ್ಟೇಜೂ ಅರ್ಧ ಆಗಬೇಕಲ್ವಾ?

ಇಲ್ಲ. ಕರೆಂಟ್ ಅರ್ಧ ಆಗುತ್ತದೆ. ವೋಲ್ಟೇಜ್ ಅಲ್ಲಾಡೋದೇ ಇಲ್ಲ ಅನ್ನುವಷ್ಟು ಕಡಿಮೆ.

ಸೆಲ್ ಅಂದರೆ ಒಂದು ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಸಲೀಸಾಗಿ ಬಿಡುವ ಸಾಧನ. ಬೆಳಕು ಹುಟ್ಟಿಸಿದ ಕರೆಂಟ್‌ನಿಂದ ಡಯೋಡ್ ತನ್ನೊಳಗೇ ಸೋರಿಸಿಕೊಳ್ಳುವ ಕರೆಂಟ್ ಕಳೆದರೆ ಉಳಿದದ್ದು ನಮಗೆ. ಆ ಸೋರಿಕೆ ವೋಲ್ಟೇಜ್ ಜೊತೆ ಘಾತೀಯವಾಗಿ ಏರುತ್ತದೆ. ಹಾಗಾಗಿ ಓಪನ್ ಸರ್ಕ್ಯೂಟ್ ವೋಲ್ಟೇಜ್ ಬಿಸಿಲಿನ ಲಾಗರಿದಮ್ ಪ್ರಕಾರ ಬದಲಾಗುತ್ತದೆ. 25 ಡಿಗ್ರಿಯಲ್ಲಿ ಲೆಕ್ಕಕ್ಕೆ ಬರುವ ಥರ್ಮಲ್ ವೋಲ್ಟೇಜ್ 0.0257 ವೋಲ್ಟ್. ಬಿಸಿಲು ಅರ್ಧವಾದರೆ ಒಂದು ಸೆಲ್‌ನಲ್ಲಿ ಇಳಿಯೋದು 0.0257 × 0.693 (2ರ ನ್ಯಾಚುರಲ್ ಲಾಗ್), ಅಂದರೆ 0.018 ವೋಲ್ಟ್. 54 ಸೆಲ್‌ಗೆ ಒಟ್ಟು 1 ವೋಲ್ಟ್ ಹತ್ತಿರ. 37.2 ಇದ್ದದ್ದು 36.2.

ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಬಿಸಿಲು ಆಡಿಸೋದು ಕರೆಂಟನ್ನು, ಬಿಸಿ ಆಡಿಸೋದು ವೋಲ್ಟೇಜನ್ನು. ಮೋಡದ ದಿನ "ವೋಲ್ಟೇಜ್ ಪೂರ್ತಿ ತೋರಿಸ್ತಿದೆ, ಆದ್ರೂ ಬ್ಯಾಟರಿ ಚಾರ್ಜ್ ಆಗ್ತಿಲ್ಲ" ಅಂತ ಫೋನ್ ಮಾಡುವವರಿಗೂ ಇದೇ ಉತ್ತರ.

ಫಿಲ್ ಫ್ಯಾಕ್ಟರ್ ಅಂದ್ರೇನು? ನೋಡಲೇಬೇಕಾ?

ಕೊಳ್ಳುವವರಿಗೆ ಅಷ್ಟು ಬೇಡ. ಕುತೂಹಲ ಇದ್ದರೆ ಓದಿ.

ಓಪನ್ ಸರ್ಕ್ಯೂಟ್ ವೋಲ್ಟೇಜನ್ನು ಶಾರ್ಟ್ ಸರ್ಕ್ಯೂಟ್ ಕರೆಂಟಿಂದ ಗುಣಿಸಿದರೆ 37.2 × 13.7 = 510 ವ್ಯಾಟ್. ಆದರೆ ಎರಡೂ ಒಂದೇ ಸಲ ಸಿಗೋದಿಲ್ಲ. ಸಿಗೋದು 400. 400 ÷ 510 = 0.785. ಇದೇ ಫಿಲ್ ಫ್ಯಾಕ್ಟರ್.

ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳೋಕೆ, ಒಳಗೆ ರೆಸಿಸ್ಟೆನ್ಸೇ ಇಲ್ಲದ ಆದರ್ಶ ಸೆಲ್ ಜೊತೆ ಹೋಲಿಸಿ. ಒಂದು ಸೆಲ್‌ನ ವೋಲ್ಟೇಜ್ 37.2 ÷ 54 = 0.689. ಅದನ್ನು 0.0257ರಿಂದ ಭಾಗಿಸಿದರೆ 26.8. ಈ ಸಂಖ್ಯೆಗೆ ವಿ ಅಂತ ಹೆಸರಿಟ್ಟರೆ ಆದರ್ಶ ಫಿಲ್ ಫ್ಯಾಕ್ಟರ್ = (ವಿ − ಲಾಗ್(ವಿ + 0.72)) ÷ (ವಿ + 1). ಇಲ್ಲಿ ಲಾಗ್ ಅಂದರೆ ನ್ಯಾಚುರಲ್ ಲಾಗ್. ಉತ್ತರ 0.845. ನಮ್ಮದು 0.785. ನಡುವಿನ ಅಂತರವನ್ನು ಬಹುಪಾಲು ತಿಂದಿರೋದು ಸೆಲ್ ಮೇಲಿನ ಬೆಳ್ಳಿ ಗೆರೆಗಳು, ಸೆಲ್‌ಗಳನ್ನು ಜೋಡಿಸುವ ಲೋಹದ ರಿಬ್ಬನ್, ಬೆಸುಗೆ ಇವುಗಳ ರೆಸಿಸ್ಟೆನ್ಸ್. ಹತ್ತು ವರ್ಷದ ಪ್ಯಾನೆಲ್‌ನಲ್ಲಿ ಕರೆಂಟೂ ವೋಲ್ಟೇಜೂ ಸರಿಯಿದ್ದು ಪವರ್ ಮಾತ್ರ ಬಿದ್ದಿದ್ದರೆ, ಮೊದಲ ಅನುಮಾನ ಬೆಸುಗೆಯ ಮೇಲೆ.

ಮಲ್ಟಿಮೀಟರ್ ಒಂದೇ ಇದೆ. ಪ್ಯಾನೆಲ್ ಚೆನ್ನಾಗಿದೆಯಾ ಅಂತ ನೋಡಬಹುದಾ?

ನೋಡಬಹುದು. ಒಂದು ಎಚ್ಚರಿಕೆ: ಸಾಮಾನ್ಯ ಮಲ್ಟಿಮೀಟರಿನ ಕರೆಂಟ್ ಮಿತಿ 10 ಆಂಪಿಯರ್. ನಮ್ಮ ಪ್ಯಾನೆಲ್ 13.7 ಕೊಡುತ್ತದೆ. ನೇರ ಹಚ್ಚಿದರೆ ಮೀಟರಿನ ಫ್ಯೂಸ್ ಢಮಾರ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತರಿಸಿಕೊಳ್ಳಿ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಕೆಲಸಕ್ಕೆ ಬಾರದು. ಶಾರ್ಟ್ ಮಾಡೋದು ಬೇರೆ ಯಾವುದಕ್ಕೂ ಜೋಡಿಸದ ಒಂಟಿ ಪ್ಯಾನೆಲ್‌ನಲ್ಲಿ ಮಾತ್ರ. ಕರೆಂಟ್ ಹರಿಯುವಾಗ ಕನೆಕ್ಟರ್ ಎಳೆಯಬೇಡಿ, ಡಿಸಿ ಕಿಡಿ ಸುಲಭವಾಗಿ ಆರೋದಿಲ್ಲ. ಮೊದಲು ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ, ಆಮೇಲೆ ಬಿಡಿಸಿ.

ಒಂದು ಮಧ್ಯಾಹ್ನ ಹೀಗೆ ಅಳೆದಾಗ 10.3 ಆಂಪಿಯರ್ ಮತ್ತು 33.9 ವೋಲ್ಟ್ ಬಂತು ಅಂತಿಟ್ಟುಕೊಳ್ಳಿ. ಕರೆಂಟ್ ಬಿಸಿಲಿನ ಅಳತೆ ಹೇಳುತ್ತದೆ: 10.3 ÷ 13.7 × 1000 = 752 ವ್ಯಾಟ್. ಬಿಸಿಲು ಕಡಿಮೆ ಇದ್ದದ್ದಕ್ಕೆ, ಮೇಲಿನ ಲಾಗರಿದಮ್ ಲೆಕ್ಕದಂತೆ, ವೋಲ್ಟೇಜ್ 0.4ರಷ್ಟು ಇಳಿದಿರಬೇಕು, ಅಂದರೆ 36.8. ಆದರೆ ಬಂದದ್ದು 33.9, ಅಂದರೆ 7.9% ಕಡಿಮೆ. ಅದನ್ನು 0.28ರಿಂದ ಭಾಗಿಸಿ, 28 ಡಿಗ್ರಿ. 25ಕ್ಕೆ ಕೂಡಿಸಿದರೆ ಸೆಲ್ 53 ಡಿಗ್ರಿಯಲ್ಲಿದೆ. ಈಗ ಎನ್‌ಒಸಿಟಿ ಸೂತ್ರದಿಂದಲೂ ಒಮ್ಮೆ ಸೆಲ್ ಬಿಸಿ ಲೆಕ್ಕ ಹಾಕಿ. ಎರಡೂ ಹತ್ತಿರ ಹತ್ತಿರ ಬಂದರೆ ಪ್ಯಾನೆಲ್ ಆರೋಗ್ಯವಾಗಿದೆ. ವೋಲ್ಟೇಜ್ ಸರಿಯಾಗಿ ಮೂರನೇ ಒಂದು ಭಾಗ ಕಡಿಮೆ ಬಂದರೆ ಒಂದು ಬೈಪಾಸ್ ಡಯೋಡ್ (ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುವ ಡಯೋಡ್) ಶಾರ್ಟ್ ಆಗಿದೆ ಅನ್ನಿ.

ನನಗೆ ಎಷ್ಟು ಪ್ಯಾನೆಲ್ ಬೇಕು? ಎಲ್ಲಿಂದ ಶುರು ಮಾಡಲಿ?

ಪ್ಯಾನೆಲ್‌ನಿಂದ ಶುರು ಮಾಡಬೇಡಿ. "ಒಂದು ಕಿಲೋವ್ಯಾಟ್ ಸಾಕಾ, ಎರಡು ಬೇಕಾ" ಅನ್ನೋದು ಕೊನೆಯ ಪ್ರಶ್ನೆ. ಮೊದಲನೆಯದು, ದಿನಕ್ಕೆ ಎಷ್ಟು ವ್ಯಾಟ್-ಗಂಟೆ ಖರ್ಚು ಮಾಡುತ್ತೀರಿ ಅನ್ನೋದು. ಒಂದು ಕಾಗದ ತಗೊಳ್ಳಿ.

9 ವ್ಯಾಟಿನ 4 ಬಲ್ಬ್, 5 ಗಂಟೆ: 180
30 ವ್ಯಾಟಿನ 3 ಫ್ಯಾನ್, 10 ಗಂಟೆ: 900
ಫ್ರಿಜ್: 1000
50 ವ್ಯಾಟಿನ ಲ್ಯಾಪ್‌ಟಾಪ್, 6 ಗಂಟೆ: 300
10 ವ್ಯಾಟಿನ ವೈಫೈ ರೂಟರ್, 24 ಗಂಟೆ: 240

ಒಟ್ಟು 2620 ವ್ಯಾಟ್-ಗಂಟೆ. ರೂಟರ್ ನೋಡಿ, ನಾಲ್ಕೂ ಬಲ್ಬ್ ಸೇರಿದ್ದಕ್ಕಿಂತ ಜಾಸ್ತಿ ತಿನ್ನುತ್ತದೆ. ಸದ್ದಿಲ್ಲದೆ ಇಡೀ ದಿನ ಉರಿಯುವ ವಸ್ತುಗಳೇ ಯಾವಾಗಲೂ ಲೆಕ್ಕ ತಪ್ಪಿಸೋದು. ಫ್ರಿಜ್‌ಗೆ ವ್ಯಾಟ್ × 24 ಮಾಡಬೇಡಿ, ಕಂಪ್ರೆಸರ್ ಆನ್ ಆಫ್ ಆಗುತ್ತಿರುತ್ತದೆ. ಪ್ಲಗ್ ಮೀಟರ್ ಹಾಕಿ ಎರಡು ದಿನ ಅಳೆಯಿರಿ.

ಇಲ್ಲಿಗೆ ಮುಗಿಯಲಿಲ್ಲ. ಗ್ರಿಡ್ ಇಲ್ಲದ ವ್ಯವಸ್ಥೆಯಲ್ಲಿ ಇನ್ವರ್ಟರ್ ತನ್ನ ಪಾಲು ತಗೊಳ್ಳುತ್ತದೆ. ದಕ್ಷತೆ 90% ಅಂದರೆ 2620 ÷ 0.9 = 2911. ಜೊತೆಗೆ ಸುಮ್ನೆ ಆನ್ ಆಗಿರೋದಕ್ಕೇ 15 ವ್ಯಾಟ್ ಎಳೆಯುತ್ತಿದ್ದರೆ ದಿನಕ್ಕೆ 360. ಹೆಚ್ಚುಕಡಿಮೆ 3270. ಬ್ಯಾಟರಿಯಿಂದ ದಿನಾ ಹೊರಗೆ ಬರಬೇಕಾದದ್ದು ಇಷ್ಟು.

ಪೂರ್ಣ ಬಿಸಿಲಿನ ಗಂಟೆ ಅಂದರೆ ಬೆಳಗ್ಗೆಯಿಂದ ಸಂಜೆವರೆಗೆ ಅಲ್ವಾ?

ಅಲ್ಲ. ಹನ್ನೆರಡು ಗಂಟೆ ಬೆಳಕಿದ್ದರೂ ಪೂರ್ಣ ಬಿಸಿಲಿನ ಗಂಟೆ ನಾಲ್ಕೋ ಐದೋ ಇರುತ್ತದೆ. ಇಡೀ ದಿನ ಬಿದ್ದ ಬಿಸಿಲನ್ನೆಲ್ಲ ಒಟ್ಟು ಮಾಡಿ, ಅದು 1000 ವ್ಯಾಟಿನ ಬಿಸಿಲಾಗಿದ್ದರೆ ಎಷ್ಟು ಗಂಟೆ ಆಗುತ್ತಿತ್ತು ಅಂತ ಕೇಳೋದು. ದಿನಕ್ಕೆ ಚದರ ಮೀಟರಿಗೆ 5 ಕಿಲೋವ್ಯಾಟ್-ಗಂಟೆ ಬಿದ್ದರೆ 5 ಪೂರ್ಣ ಬಿಸಿಲಿನ ಗಂಟೆ.

ನಿಮ್ಮ ಜಾಗದ ಸಂಖ್ಯೆ ಬೇಕಿದ್ದರೆ ಯುರೋಪಿಯನ್ ಕಮಿಷನ್‌ನ ಪಿವಿಜಿಐಎಸ್, ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ ಮಾಡಿದ ಪಿವಿವ್ಯಾಟ್ಸ್ ಅನ್ನೋ ವೆಬ್‌ಸೈಟ್‌ಗಳಿವೆ, ಎರಡೂ ಉಚಿತ. ತಿಂಗಳುವಾರು ಪಟ್ಟಿ ತೆಗೆಯಿರಿ. ವರ್ಷದ ಸರಾಸರಿ ನೋಡಿ ಖುಷಿಪಡಬೇಡಿ. ಗ್ರಿಡ್ ಇದ್ದರೆ ಸರಾಸರಿ ಸಾಕು. ಬ್ಯಾಟರಿ ಮೇಲೇ ಬದುಕುವವರು ಅತಿ ಕಡಿಮೆ ಬಿಸಿಲಿನ ತಿಂಗಳನ್ನು ಹಿಡಿಯಬೇಕು. ಸರಾಸರಿ 5 ಇದ್ದರೂ ಆ ತಿಂಗಳಲ್ಲಿ ಮನೆ ಕತ್ತಲಾಗುತ್ತದೆ.

ಸರಿ, ಈಗ ಪ್ಯಾನೆಲ್ ಎಷ್ಟು?

ಕೆಟ್ಟ ತಿಂಗಳಲ್ಲಿ 4 ಗಂಟೆ ಅಂದುಕೊಳ್ಳಿ. ನಷ್ಟಗಳನ್ನು ಒಂದರ ಮೇಲೊಂದು ಗುಣಿಸಿ: ಬಿಸಿಗೆ 0.88, ಧೂಳಿಗೆ 0.95, ವೈರಿಗೆ 0.97, ಚಾರ್ಜ್ ಕಂಟ್ರೋಲರ್‌ಗೆ (ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಪೆಟ್ಟಿಗೆ) 0.96, ಲಿಥಿಯಂ ಬ್ಯಾಟರಿಗೆ 0.95. ಒಟ್ಟು 0.74. ನಷ್ಟದ ಶೇಕಡಾಗಳನ್ನು ಕೂಡಿಸಬೇಡಿ, ಗುಣಿಸಬೇಕು.

3270 ÷ (4 × 0.74) = 1105 ವ್ಯಾಟ್.

400 ವ್ಯಾಟಿನ ಮೂರು ಪ್ಯಾನೆಲ್, 1200 ವ್ಯಾಟ್. ಸ್ವಲ್ಪ ಮಿಗುತ್ತದೆ, ಮಿಗಲಿ. ಲೆಡ್ ಆಸಿಡ್ ಬ್ಯಾಟರಿ ಆದರೆ ಕೊನೆಯ 0.95 ಜಾಗದಲ್ಲಿ 0.8 ಹಾಕಿ. ಆಗ ಮೂರು ಸಾಲೋದಿಲ್ಲ, ನಾಲ್ಕು ಬೇಕು.

ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆಗೆ ಇಷ್ಟು ರಗಳೆ ಇಲ್ಲ. ಕಿಲೋವ್ಯಾಟ್ × ಪೂರ್ಣ ಬಿಸಿಲಿನ ಗಂಟೆ × ಪರ್ಫಾರ್ಮೆನ್ಸ್ ರೇಶಿಯೋ (ಎಲ್ಲ ನಷ್ಟ ಕಳೆದು ಉಳಿಯುವ ಪಾಲು). ಈ ಕೊನೆಯದು ಸಾಮಾನ್ಯವಾಗಿ 0.75ರಿಂದ 0.85. 3 × 5 × 0.78 = ದಿನಕ್ಕೆ 11.7 ಯೂನಿಟ್.

ಬ್ಯಾಟರಿ ಎಷ್ಟು ದೊಡ್ಡದಿರಬೇಕು?

ಬಿಸಿಲೇ ಇಲ್ಲದೆ ಎಷ್ಟು ದಿನ ತಳ್ಳಬೇಕು ಅಂತ ನೀವೇ ತೀರ್ಮಾನ ಮಾಡಿ. ಎರಡು ದಿನ ಅಂದರೆ 6540 ವ್ಯಾಟ್-ಗಂಟೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ 85% ಬಳಸಬಹುದು ಅಂದರೆ 6540 ÷ 0.85 = 7694. ಅದನ್ನು ಬ್ಯಾಟರಿಯ ವೋಲ್ಟೇಜ್ 25.6ರಿಂದ ಭಾಗಿಸಿದರೆ 300 ಆಂಪಿಯರ್-ಗಂಟೆ. ಲೆಡ್ ಆಸಿಡ್ ಅನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 13,080 ÷ 24 = 545 ಆಂಪಿಯರ್-ಗಂಟೆ.

ಬ್ಯಾಟರಿ ಜಾಸ್ತಿ ಹಾಕಿ ಪ್ಯಾನೆಲ್ ಕಡಿಮೆ ಹಾಕುವವರು ಬಹಳ ಮಂದಿ. ಬಾವಿ ದೊಡ್ಡದು ತೋಡಿದ ಮಾತ್ರಕ್ಕೆ ಮಳೆ ಜಾಸ್ತಿ ಬರೋದಿಲ್ಲ.

ಒಂದು ಸೀರೀಸ್‌ನಲ್ಲಿ ಎಷ್ಟು ಪ್ಯಾನೆಲ್ ಹಾಕಬಹುದು?

ಸೀರೀಸ್ ಅಂದರೆ ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಜೋಡಿಸೋದು, ಆಗ ವೋಲ್ಟೇಜ್‌ಗಳು ಕೂಡುತ್ತವೆ. ಇದರಲ್ಲಿ ತಪ್ಪಿದರೆ ಯಂತ್ರ ಸುಡುತ್ತದೆ, ಅದಕ್ಕೇ ನಿಧಾನವಾಗಿ ಓದಿ.

ನನ್ನದೇ ಕಥೆ. ಚಾರ್ಜ್ ಕಂಟ್ರೋಲರ್ ಮೇಲೆ "ಗರಿಷ್ಠ 150 ವೋಲ್ಟ್" ಅಂತ ಇತ್ತು. ಜೋಡಿಸಲು ಬಂದವರು ಲೇಬಲ್ ನೋಡಿ 37.2 × 4 = 148.8 ಅಂತ ಲೆಕ್ಕ ಹಾಕಿದರು. "ಒಂದು ವೋಲ್ಟ್ ಮೇಲೇ ಉಳೀತಲ್ಲ ಸಾರ್" ಅಂದರು. ನಾನೂ ತಲೆ ಆಡಿಸಿದೆ. ಸೆಕೆಯ ದಿನಗಳು, ಎಲ್ಲ ಸರಿ ಹೋಯಿತು. ಚಳಿ ಬಂತು. ಒಂದು ಬೆಳಗ್ಗೆ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ, ಪ್ಯಾನೆಲ್ ಗಾಜಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಕಂಟ್ರೋಲರ್‌ನ ಪರದೆ ಖಾಲಿ. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ ವಾಸನೆ.

ತಪ್ಪು ಎಲ್ಲಿ? ಲೇಬಲ್‌ನ 37.2 ಬರೋದು 25 ಡಿಗ್ರಿಯಲ್ಲಿ. 5 ಡಿಗ್ರಿಯ ಬೆಳಗ್ಗೆ 20 ಡಿಗ್ರಿ ಕಡಿಮೆ, 20 × 0.28 = 5.6% ಜಾಸ್ತಿ. ಒಂದು ಪ್ಯಾನೆಲ್‌ಗೆ 39.3, ನಾಲ್ಕಕ್ಕೆ 157. ಬೆಳಗಿನ ಎಳೆ ಬಿಸಿಲಿಗೆ ವೋಲ್ಟೇಜ್ ಬೇಗ ಮೇಲೇರುತ್ತದೆ, ಸೆಲ್ ಮಾತ್ರ ಇನ್ನೂ ತಣ್ಣಗಿರುತ್ತದೆ. ಬಿಸಿಲು ಬಲಿತು ಸೆಲ್ ಕಾದಂತೆ ವೋಲ್ಟೇಜ್ ಇಳಿಯುತ್ತದೆ.

ನಿಮ್ಮ ಜಾಗದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಹಿಡಿದು ಲೆಕ್ಕ ಹಾಕಿ. ನಮ್ಮ ಮೂರು ಪ್ಯಾನೆಲ್‌ಗೆ 118 ವೋಲ್ಟ್. 150ರ ಕಂಟ್ರೋಲರ್‌ಗೆ ಆರಾಮು. ಕರೆಂಟ್ 1200 ÷ 25.6 = 47, ಅಂದರೆ 50 ಆಂಪಿಯರಿನದು ಸಾಕು.

24 ವೋಲ್ಟ್ ಬ್ಯಾಟರಿಗೆ 31 ವೋಲ್ಟಿನ ಒಂದೇ ಪ್ಯಾನೆಲ್ ಸಾಕಲ್ವಾ?

ಚಳಿಗೆ ಸಾಕು. ಸೆಕೆಗೆ ಸಾಲದು. ಕೆಲಸ ಮಾಡುವ ವೋಲ್ಟೇಜ್ ಬಿಸಿಗೆ ಇನ್ನೂ ಜೋರಾಗಿ ಇಳಿಯುತ್ತದೆ, ಡಿಗ್ರಿಗೆ 0.35% ಹಿಡಿಯಿರಿ. 65 ಡಿಗ್ರಿಯ ಸೆಲ್‌ನಲ್ಲಿ 31 × 0.86 = 26.7. ಲೆಡ್ ಆಸಿಡ್ ಬ್ಯಾಟರಿ ತುಂಬಲು 28.8 ಬೇಕು. ಬಿಸಿಲು ಚೆನ್ನಾಗಿ ಕಾಯುವ ದಿನಗಳಲ್ಲೇ ಬ್ಯಾಟರಿ ಅರೆಹೊಟ್ಟೆ. ಕನಿಷ್ಠ ಎರಡು ಸೀರೀಸ್‌ನಲ್ಲಿ ಇರಲಿ.

ಪಿಡಬ್ಲ್ಯೂಎಂ ಕಂಟ್ರೋಲರ್ ಅಗ್ಗ. ಅದನ್ನೇ ಹಾಕಲಾ?

ಸಣ್ಣ 12 ವೋಲ್ಟ್ ಪ್ಯಾನೆಲ್‌ಗೆ ಪರವಾಗಿಲ್ಲ. ದೊಡ್ಡದಕ್ಕೆ ಬೇಡ. ಪಿಡಬ್ಲ್ಯೂಎಂ ಅನ್ನೋ ಸರಳ ಬಗೆಯ ಚಾರ್ಜ್ ಕಂಟ್ರೋಲರ್ ಪ್ಯಾನೆಲ್ ಅನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ಕಟ್ಟಿಹಾಕುತ್ತದೆ. 18 ವೋಲ್ಟ್, 5.5 ಆಂಪಿಯರಿನ 100 ವ್ಯಾಟ್ ಪ್ಯಾನೆಲ್ 13 ವೋಲ್ಟಿನ ಬ್ಯಾಟರಿಗೆ ಕೊಡೋದು 72 ವ್ಯಾಟ್. ಎಂಪಿಪಿಟಿ ಅನ್ನೋ ಇನ್ನೊಂದು ಬಗೆಯ ಕಂಟ್ರೋಲರ್ ಪ್ಯಾನೆಲ್ ಅನ್ನು ಗರಿಷ್ಠ ಪವರ್‌ನ ವೋಲ್ಟೇಜಿನಲ್ಲೇ ದುಡಿಸಿ, ಆ ಹೆಚ್ಚುವರಿ ವೋಲ್ಟೇಜನ್ನು ಕರೆಂಟಾಗಿ ಬದಲಿಸುತ್ತದೆ.

ವೈರ್ ಎಷ್ಟು ದಪ್ಪ?

ತಾಮ್ರದ ರೆಸಿಸ್ಟೆನ್ಸ್ = 0.0175 × ಉದ್ದ ÷ ದಪ್ಪ. ಉದ್ದ ಮೀಟರಿನಲ್ಲಿ, ಹೋಗುವುದೂ ಬರುವುದೂ ಸೇರಿ. ದಪ್ಪ ಚದರ ಮಿಲಿಮೀಟರಿನಲ್ಲಿ. 15 ಮೀಟರ್ ದೂರ, 4 ಚದರ ಮಿಲಿಮೀಟರ್ ವೈರ್, 10 ಆಂಪಿಯರ್: 0.0175 × 30 ÷ 4 = 0.13 ಓಮ್, ಅಂದರೆ 1.3 ವೋಲ್ಟ್ ಇಳಿಕೆ. 12 ವೋಲ್ಟ್ ವ್ಯವಸ್ಥೆಯಲ್ಲಿ ಅದು 11%, ಒಪ್ಪೋ ಮಾತೇ ಅಲ್ಲ. ಅದೇ ಪವರನ್ನು 24 ವೋಲ್ಟ್‌ನಲ್ಲಿ ಕಳಿಸಿದರೆ ಕರೆಂಟ್ ಅರ್ಧ, ಇಳಿಕೆ 0.65 ವೋಲ್ಟ್, ಶೇಕಡಾ 2.7. ವೋಲ್ಟೇಜ್ ಎರಡರಷ್ಟಾದರೆ ನಷ್ಟ ಕಾಲು ಭಾಗಕ್ಕೆ ಇಳಿಯಿತು. ಸೀರೀಸ್ ಮೇಲೆ ನನಗೆ ಪ್ರೀತಿ ಇದಕ್ಕೇ.

ಫ್ಯೂಸ್, ವೈರ್ ಆರಿಸುವಾಗ ಶಾರ್ಟ್ ಸರ್ಕ್ಯೂಟ್ ಕರೆಂಟನ್ನು ಕನಿಷ್ಠ 1.25ರಿಂದ ಗುಣಿಸಿ. ಮೋಡದ ಅಂಚಿನಿಂದ ಚಿಮ್ಮಿದ ಬೆಳಕು ನೇರ ಬಿಸಿಲಿಗೆ ಸೇರಿ, ಕ್ಷಣಕಾಲ 1000 ವ್ಯಾಟ್ ದಾಟುವುದುಂಟು.

ಸ್ವಲ್ಪ ನೆರಳು ಬಿದ್ದರೆ ಏನಾಗುತ್ತೆ?

ನೆರಳಿನ ಅಳತೆಗಿಂತ ಅದು ಬಿದ್ದ ಜಾಗ ಮುಖ್ಯ. ಸೆಲ್‌ಗಳೆಲ್ಲ ಸೀರೀಸ್. ಒಂದು ಸೆಲ್‌ನ ಕರೆಂಟ್ ಬಿದ್ದರೆ ಆ ಸಾಲಿಗೇ ಏಟು. ಅದಕ್ಕಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ನಮ್ಮ ಪ್ಯಾನೆಲ್‌ನಲ್ಲಿ 18 ಸೆಲ್‌ಗೆ ಒಂದರಂತೆ. ಒಂದೇ ಸೆಲ್ ಮೇಲೆ ಒಣಗಿದ ಎಲೆ ಅಂಟಿಕೊಂಡರೆ ಆ 18 ಸೆಲ್ ಪಕ್ಕಕ್ಕೆ ಸರಿದು, ಪ್ಯಾನೆಲ್ 31ರ ಬದಲು 20 ವೋಲ್ಟ್ ಕೊಡುತ್ತದೆ. ಅಂಗೈ ಅಗಲದ ಎಲೆಗೆ ಮೂರನೇ ಒಂದು ಭಾಗ ಪವರ್!

ಅರ್ಧ ಕತ್ತರಿಸಿದ ಸೆಲ್‌ಗಳ ಪ್ಯಾನೆಲ್‌ನಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಪ್ಯಾರಲಲ್ ಆಗಿರುತ್ತವೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿ ಕರೆಂಟ್ ಕೂಡುವ ಜೋಡಣೆ). ಕೆಳಗಿನ ಅಂಚಿಗೆ ಪೂರ್ತಿ ನೆರಳು ಬಿದ್ದರೂ ಮೇಲಿನ ಅರ್ಧ ದುಡಿಯುತ್ತದೆ. ಸಾಲು ಸಾಲಾಗಿ ಕೂರಿಸುವವರಿಗೆ ಇದು ದೊಡ್ಡ ಅನುಕೂಲ.

ಎಷ್ಟು ಓರೆ, ಯಾವ ದಿಕ್ಕು?

ಸಮಭಾಜಕ ವೃತ್ತದ ಕಡೆ ಮುಖ, ಅಕ್ಷಾಂಶದಷ್ಟು ಓರೆ. ಅಕ್ಷಾಂಶ ತೀರಾ ಕಡಿಮೆ ಇದ್ದರೂ 10 ಡಿಗ್ರಿಯಾದರೂ ಇರಲಿ, ಮಳೆಗೆ ಧೂಳು ತೊಳೆದು ಹೋಗುತ್ತದೆ. ಹತ್ತು ಡಿಗ್ರಿ ಆಚೀಚೆ ಆದರೆ ನೇರ ಬಿಸಿಲಿನಲ್ಲಿ ಕಳೆದುಕೊಳ್ಳೋದು 1.5% ಮಾತ್ರ. ಕೋನಮಾಪಕ ಹಿಡಿದು ಜಗಳ ಆಡುವಂಥದ್ದೇನಿಲ್ಲ.

ಇನ್ವರ್ಟರ್ ಪ್ಯಾನೆಲ್‌ಗಿಂತ ಚಿಕ್ಕದು ಹಾಕಿದ್ದಾರೆ. ತಪ್ಪಲ್ವಾ?

ಗ್ರಿಡ್ ವ್ಯವಸ್ಥೆಯಲ್ಲಿ ತಪ್ಪಲ್ಲ. 312 ವ್ಯಾಟಿನ ಲೆಕ್ಕ ನೆನಪಿದೆಯಲ್ಲ? ಪ್ಯಾನೆಲ್ ತನ್ನ ಪೂರ್ತಿ ವ್ಯಾಟ್ ಕೊಡೋದೇ ಅಪರೂಪ. ಇನ್ವರ್ಟರಿನ 1.1ರಿಂದ 1.25 ಪಟ್ಟು ಪ್ಯಾನೆಲ್ ಹಾಕೋದು ವಾಡಿಕೆ. ವೋಲ್ಟೇಜ್ ಮಿತಿ ಮಾತ್ರ ಯಾವ ಕಾರಣಕ್ಕೂ ದಾಟಬಾರದು.

ಹಳೇ ಪ್ಯಾನೆಲ್ ಜೊತೆ ಹೊಸದು ಸೇರಿಸಬಹುದಾ?

ಸೀರೀಸ್‌ನಲ್ಲಿ ಕರೆಂಟ್ ಹೊಂದಬೇಕು, ಪ್ಯಾರಲಲ್‌ನಲ್ಲಿ ವೋಲ್ಟೇಜ್ ಹೊಂದಬೇಕು. ಯಾವುದೂ ಹೊಂದದಿದ್ದರೆ ಬೇರೆ ಕಂಟ್ರೋಲರ್ ಹಾಕಿ. ವರ್ಷಕ್ಕೆ ಸುಮಾರು ಅರ್ಧ ಶೇಕಡಾದಂತೆ ಪ್ಯಾನೆಲ್ ಸವೆಯುತ್ತದೆ, ಹಾಗಾಗಿ ಹತ್ತು ವರ್ಷದ ಹಳೆಯದನ್ನು 95% ಅಂತ ಹಿಡಿಯಿರಿ.

ನೀರಿನ ಪಂಪಿಗೆ ಇದೇ ಲೆಕ್ಕ ನಡೆಯುತ್ತಾ?

ನಡೆಯುತ್ತದೆ, ಆದರೆ ಶುರು ಮಾಡೋದು ಪಂಪಿನ ಎಚ್‌ಪಿಯಿಂದಲ್ಲ, ನೀರಿನಿಂದ. ದಿನಕ್ಕೆ 20,000 ಲೀಟರ್, 30 ಮೀಟರ್ ಎತ್ತರ. ಎತ್ತುವುದಕ್ಕೆ ಬೇಕಾದ ಶಕ್ತಿ 20,000 × 9.81 × 30 ÷ 36,00,000 = 1.64 ಕಿಲೋವ್ಯಾಟ್-ಗಂಟೆ. ಮೋಟಾರು, ಪಂಪು, ಪೈಪಿನ ಉಜ್ಜಾಟ ಎಲ್ಲ ಸೇರಿ ದಕ್ಷತೆ 40% ಅಂದರೆ 4.1. ಪೂರ್ಣ ಬಿಸಿಲಿನ ಗಂಟೆ 5, ನಷ್ಟಗಳಿಗೆ 0.78 ಹಿಡಿದರೆ 4.1 ÷ 3.9, ಅಂದರೆ ಸುಮಾರು 1050 ವ್ಯಾಟ್. ಇಲ್ಲೂ ನಮ್ಮ ಮೂರು ಪ್ಯಾನೆಲ್ಲೇ ಬಂತು.

ಎತ್ತರ ಅಳೆಯುವಾಗ ಬಾವಿಯ ಬಾಯಿಂದ ಅಳೆಯಬೇಡಿ. ಪಂಪ್ ಓಡುವಾಗ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೋ ಅಲ್ಲಿಂದ ಟ್ಯಾಂಕಿನ ತುದಿಯವರೆಗೆ ಅಳೆಯಿರಿ. ಬ್ಯಾಟರಿ ಬೇಡ, ಟ್ಯಾಂಕೇ ಬ್ಯಾಟರಿ.